ಬಂದವರನ್ನು ಮೊದಲು ಮನೆಯಲ್ಲಿ ಕೂರಿಸೋಣ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ಯಾದಗಿರಿಯಿಂದ ಮಾತನಾಡುತ್ತಿದ್ದೇನೆ.

ಚಳಿಗಾಲ ಬಂತೆಂದರೆ ನಮ್ಮ ಕ್ರೈಸ್ತ ಸಭೆಗಳಿಗೆ ಹೊರದೇಶದ ಸಭೆಗಳಿಂದ ತಂಡಗಳು ಬರುತ್ತವೆ. ಎಂಟು-ಹತ್ತು ಜನ, ಒಂದು ಬಾಡಿಗೆ ಗಾಡಿ, ಹತ್ತು ಹನ್ನೆರಡು ದಿನ. ಅಲ್ಲಿಯ ಸಭೆ ಇಲ್ಲಿಯ ಸೇವೆಗೆ ವರ್ಷಗಳಿಂದ ಹೆಗಲು ಕೊಟ್ಟಿರುತ್ತದೆ. ಅದನ್ನು ಕಣ್ಣಾರೆ ನೋಡಿ ಹೋಗಬೇಕೆಂಬ ಆಸೆ ಅವರದು. ಇಂಥ ತಂಡಗಳ ಜೊತೆ ದುಭಾಷಿಯಾಗಿ ಊರೂರು ತಿರುಗಿದ್ದೇನೆ. ಅವರು ಬರಬೇಕು, ಇನ್ನೂ ಹೆಚ್ಚು ಬರಬೇಕು ಎನ್ನುವವನೇ ನಾನು. ಆದರೆ ನಾವು ಅವರನ್ನು ಬರಮಾಡಿಕೊಳ್ಳುವ ರೀತಿ ಮಾತ್ರ ನನಗೆ ನೋವು ಕೊಡುತ್ತದೆ.

ಒಂದೇ ದಿನಕ್ಕೆ ಐದು ಊರು ಇಟ್ಟಿರುತ್ತೇವೆ. ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆಂದು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತೇವೆ. ಗಾಡಿ ಬರುವುದು ಒಂದೂವರೆಗೆ. ಅಷ್ಟರಲ್ಲಿ ಆ ಪುಟ್ಟ ಕೈಗಳಲ್ಲಿ ಚೆಂಡು ಹೂವು ಬಾಡಿ ಮೆತ್ತಗಾಗಿರುತ್ತದೆ. ಹಾರ, ಶಾಲು, ಬ್ಯಾನರ್, ಎರಡು ಹಾಡು, ಮೂರು ಭಾಷಣ, ಫೋಟೊ. ಇಪ್ಪತ್ತು ನಿಮಿಷದಲ್ಲಿ ಗಾಡಿ ಮುಂದಿನ ಊರಿಗೆ. ಮನೆಯೊಳಗೆ ಯಾರೂ ಕಾಲಿಟ್ಟಿರುವುದಿಲ್ಲ.

ಬೈಬಲಿನ ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ ಪೌಲನು ಬಾರ್ನಬನಿಗೆ ಏನು ಹೇಳುತ್ತಾನೆ ನೆನಪು ಮಾಡಿಕೊಳ್ಳಿ. ನಾವು ಸುವಾರ್ತೆ ಸಾರಿದ ಊರುಗಳಿಗೆಲ್ಲ ತಿರುಗಿ ಹೋಗೋಣ, ಸಹೋದರರು ಹೇಗಿದ್ದಾರೆ ನೋಡೋಣ ಎನ್ನುತ್ತಾನೆ. ಹೇಗಿದ್ದಾರೆ ಎಂದು ಕೇಳುವುದಕ್ಕೇ ಅವನ ಆ ಪ್ರಯಾಣ ಹೊರಟಿತು. ರೋಮಾಪುರದವರಿಗೆ ಬರೆಯುವಾಗಲೂ ಅಷ್ಟೇ: ನಿಮ್ಮ ನಂಬಿಕೆಯಿಂದ ನನಗೆ, ನನ್ನ ನಂಬಿಕೆಯಿಂದ ನಿಮಗೆ ಧೈರ್ಯ ಸಿಗಬೇಕು ಎಂಬುದು ಅವನ ಆಸೆ. ಅಪೊಸ್ತಲನೇ ತನಗೂ ಬೇಕು ಎನ್ನುತ್ತಿದ್ದಾನೆ.

ಕೆಲವು ವರ್ಷಗಳ ಹಿಂದೆ ಒಂದು ತಂಡದಲ್ಲಿ ಬಂದಿದ್ದ ತಾಯಿಯೊಬ್ಬರಿಗೆ ಹೊಟ್ಟೆ ಕೆಟ್ಟು ಗಾಡಿ ಹತ್ತಲಾಗಲಿಲ್ಲ. ಉಳಿದವರು ಮುಂದೆ ಹೋದರು. ನಾನು ಅವರ ಜೊತೆ ಹಳ್ಳಿಯ ಒಬ್ಬ ಅಜ್ಜಿಯ ಮನೆಯಲ್ಲಿ ಉಳಿದೆ. ಅಜ್ಜಿ ಕೌದಿ ಹಾಸಿದಳು. ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ ಕೊಟ್ಟಳು. ಆಮೇಲೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಾ, "ತಮ್ಮಾ, ಈ ತಾಯಿಗೆ ಮಕ್ಕಳು ಎಷ್ಟು ಕೇಳು" ಎಂದಳು. ಒಬ್ಬನೇ ಮಗ ಎಂದರು ಅವರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನು ಮಾತು ಬಿಟ್ಟು ಎರಡು ವರ್ಷವಾಯಿತು ಎಂದರು. ನಾನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿ ಎದ್ದು ಬಂದು, ಹಿಟ್ಟಿನ ಕೈಯಲ್ಲೇ ಅವರ ತಲೆ ಮುಟ್ಟಿದಳು. ಹುಡುಗನ ಹೆಸರು ಅವಳ ಬಾಯಿಗೆ ಹೊರಳಲಿಲ್ಲ. ಮೂರು ಸಲ ಕೇಳಿ ತಿಳಿದುಕೊಂಡು ಪ್ರಾರ್ಥನೆ ಶುರು ಮಾಡಿದಳು. ಅವನ ಮನಸ್ಸನ್ನು ಮೆತ್ತಗೆ ಮಾಡು ತಂದೆಯೇ, ತಾಯಿಯ ದನಿ ಕೇಳುವಂತೆ ಮಾಡು ಎಂದು ಬೇಡಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಮನೆಯೆಲ್ಲ ಹೊಗೆ.

ಸಂಜೆ ಆ ತಾಯಿ ನನ್ನ ಹತ್ತಿರ ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಬಂದು ಆರು ದಿನವಾಯಿತು, ಎಲ್ಲರೂ ಹಾರ ಹಾಕಿದರು, ನನ್ನ ಬಗ್ಗೆ ಕೇಳಿದವರು ಈ ಅಜ್ಜಿ ಒಬ್ಬರೇ ಎಂದರು.

ತಪ್ಪು ನಮ್ಮದು. ನಾವು ಅವರನ್ನು ಕೊಡುವ ಕೈಯಾಗಿ ನೋಡಿದೆವು, ಅವರಿಗೂ ಮನೆ ಇದೆ, ಮನೆಯಲ್ಲಿ ಕಣ್ಣೀರಿದೆ ಎಂಬುದನ್ನು ಮರೆತೆವು. ನಮ್ಮೂರಿನ ಹೋಲ್ಸ್ಟನ್ ಆಸ್ಪತ್ರೆಯ ಹೆಸರು ಎಲ್ಲರಿಗೂ ಗೊತ್ತು. ಹೋಲ್ಸ್ಟನ್ ಎಂಬುದು ಅಮೆರಿಕದ ಟೆನ್ನೆಸ್ಸಿ ಕಡೆಯ ಒಂದು ನದಿ. ಅಲ್ಲಿಯ ಮೆಥೋಡಿಸ್ಟ್ ಸಭೆಗಳ ಪ್ರಾಂತಕ್ಕೂ ಅದೇ ಹೆಸರು. ಭೀಮಾ ನದಿಯ ಸೀಮೆಯಲ್ಲಿ ನಿಂತು ಆ ನದಿಯ ಹೆಸರನ್ನು ದಿನವೂ ಹೇಳುತ್ತೇವೆ. ಆ ನದಿಯ ದಂಡೆಯ ಜನ ಹೇಗಿದ್ದಾರೆ ಎಂದು ನಮ್ಮ ಸಭೆಗಳಲ್ಲಿ ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ.

ನಾವು ಅವರಿಗೆ ತೋರಿಸದೆ ಉಳಿಸಿಕೊಳ್ಳುವುದೂ ಬಹಳ. ಸಂಕ್ರಾಂತಿ ಕಳೆದ ಮೇಲೆ ಹಳ್ಳಿಗೆ ಬಂದವರು ಸಭೆಯಲ್ಲಿ ಮುದುಕರನ್ನು, ಮಕ್ಕಳನ್ನು ನೋಡಿ ಹೋಗುತ್ತಾರೆ. ದುಡಿಯುವ ಜನ ಎಲ್ಲಿ? ತೊಗರಿ ರಾಶಿ ಮುಗಿಸಿ ಗುಳೆ ಹೋಗಿರುತ್ತಾರೆ, ಬೆಂಗಳೂರು, ಹೈದರಾಬಾದ್, ಮುಂಬಯಿಗೆ. ಕಟ್ಟುತ್ತಿರುವ ಕಟ್ಟಡಗಳ ಪಕ್ಕ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಭಾನುವಾರ ರಾತ್ರಿ ಅಲ್ಲೇ ಕೂಡಿ ಪ್ರಾರ್ಥಿಸುತ್ತಾರೆ. ನಮ್ಮ ಸಭೆ ಹೇಗಿದೆ ಎಂದು ನಿಜವಾಗಿ ನೋಡಬೇಕೆನ್ನುವ ತಂಡವನ್ನು ಒಂದು ರಾತ್ರಿ ಆ ಶೆಡ್ಡಿಗೆ ಕರೆದೊಯ್ಯಬೇಕು. ನಮಗೆ ಅದರಲ್ಲಿ ನಾಚಿಕೆ ಏಕೆ?

ಹಣದ ಮಾತನ್ನೂ ಹೇಳಿಬಿಡುತ್ತೇನೆ. ವಿದೇಶಿ ದೇಣಿಗೆಯ ಕಾನೂನಿನ (ಎಫ್‌ಸಿಆರ್‌ಎ) ಪ್ರಕಾರ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಸ್ಥೆ ಆ ದೇಣಿಗೆ ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ ಆ ದೇಣಿಗೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಪ್ರವಾಸಿ ವೀಸಾದಲ್ಲಿ ಬಂದವರು ಸುವಾರ್ತೆ ಸಾರುವ ಕೆಲಸಕ್ಕೆ ಇಳಿಯುವಂತಿಲ್ಲ. ಹೀಗಾಗಿ ಬಂದವರ ಕೈಗೆ ಮೈಕ್ ಕೊಡಬೇಡಿ, ಅವರ ಕೈಯಿಂದ ಹಣದ ಕವರ್ ಬಯಸಬೇಡಿ. ಇದರಿಂದ ಕೆಲವು ಸೇವೆಗಳಿಗೆ ಪೆಟ್ಟು ಬಿದ್ದಿದೆ, ನಿಜ. ಆದರೂ ಹಣವಿಲ್ಲದೆ, ಭಾಷಣವಿಲ್ಲದೆ ಒಬ್ಬರ ಮನೆಯಲ್ಲಿ ಒಬ್ಬರು ಕೂರಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿಯುವುದು ಆ ಕೂಡುವಿಕೆಯೇ ಎಂದು ನಾನು ನಂಬುತ್ತೇನೆ.

ನಮ್ಮವರೂ ಅಲ್ಲಿಗೆ ಹೋಗಬೇಕು. ಬರೀ ಸಭೆ ನಡೆಸುವ ಅಯ್ಯನವರಲ್ಲ, ಇಂಥ ಅಜ್ಜಿಯಂಥವರು ಹೋಗಬೇಕು. ಖರ್ಚು ದೊಡ್ಡದು, ನನಗೆ ಗೊತ್ತು. ಐದು ತಂಡ ಬರುವ ಬದಲು ನಾಲ್ಕು ಬರಲಿ; ಉಳಿದದ್ದರಲ್ಲಿ ಇಲ್ಲಿಂದ ಇಬ್ಬರು ಹೋಗಿ ಅಲ್ಲಿಯ ಮನೆಗಳಲ್ಲಿ ಕೂರಲಿ.

ಬರುವ ಜನವರಿಯಲ್ಲಿ ಮತ್ತೆ ಆ ತಾಯಿಯ ಸಭೆಯಿಂದಲೇ ತಂಡ ಬರುತ್ತಿದೆ. ಕಾರ್ಯಕ್ರಮದ ಪಟ್ಟಿಯಲ್ಲಿ ಒಂದು ಇಡೀ ದಿನ ಖಾಲಿ ಇರಲಿ ಎಂದು ಸಭಾ ಸಮಿತಿಯಲ್ಲಿ ಕೇಳಿದೆ. ಮೊದಲು ಒಪ್ಪಲಿಲ್ಲ, ಬೇರೆ ಊರಿನವರು ಬೇಸರ ಮಾಡಿಕೊಳ್ಳುತ್ತಾರೆ ಎಂದರು. ಮೂರನೆಯ ಸಲ ಒಪ್ಪಿದರು. ಕಳೆದ ಭಾನುವಾರ ಅಜ್ಜಿಗೆ ತಿಳಿಸಲು ಹೋದೆ. ಸುದ್ದಿ ಪೂರ್ತಿ ಕೇಳುವ ಮೊದಲೇ ಅವಳು ಆ ಹುಡುಗನ ಹೆಸರನ್ನು ತನ್ನದೇ ರೀತಿಯಲ್ಲಿ ಉಚ್ಚರಿಸಿ, "ಅವನು ತಾಯಿಯ ಜೊತೆ ಮಾತನಾಡಿದನಂತಾ?" ಎಂದು ಕೇಳಿದಳು.