ಲನ್ಸಾರನ್ ಹತ್ತದೇ ಬರ್ಬೇಡಿ

ನಮಸ್ಕಾರ ಕೇಳುಗರೇ. ಮಲೇಷ್ಯಾ ಟೂರ್ ಅಂದ್ರೆ ನಮ್ಮವ್ರಿಗೆ ಟ್ವಿನ್ ಟವರ್ಸ್, ಬಾತು ಕೇವ್ಸ್, ಗೆಂಟಿಂಗ್, ಅಷ್ಟಕ್ಕೆ ಮುಗೀತು. ಆದ್ರೆ ಸಮುದ್ರ ದಾಟಿ ಬೋರ್ನಿಯೋಗೆ ಹೋದ್ರೆ ಸಬಾ ಅಂತ ರಾಜ್ಯ ಇದೆ, ಅದೂ ಮಲೇಷ್ಯಾನೇ, ಅಲ್ಲಿ ಟೆನೊಮ್ ಅನ್ನೋ ಊರ ಹತ್ರ ಮುರುತ್ ಜನರ ಸಂಸ್ಕೃತಿ ಕೇಂದ್ರ ಇದೆ. ಇವತ್ತು ನಾನು ಹೇಳೋದು ಒಂದೇ ಮಾತು. ಅಲ್ಲಿಗೆ ಹೋದ್ರೆ ಲನ್ಸಾರನ್ ಅನ್ನೋ ಪುಟಿಯೋ ನೆಲ ಹತ್ತದೇ ಬರ್ಬೇಡಿ.

ಮುರುತರು ಸಬಾದ ಒಳನಾಡಿನ ಗುಡ್ಡದ ಜನ. ಟೆನೊಮ್ ಸುತ್ತ ತಿಮುಗೋನ್ ಪಂಗಡದವ್ರು, ಇನ್ನೂ ಒಳಗೆ ಪೆನ್ಸಿಯಾಂಗನ್ ಕಡೆ ತಾಗೋಲ್ ಪಂಗಡದವ್ರು. ಹಿಂದೆ ಕಂಬಗಳ ಮೇಲೆ ಕಟ್ಟಿದ ಉದ್ದನೆ ಮನೇಲಿ ಎಷ್ಟೋ ಸಂಸಾರ ಒಟ್ಟಿಗೇ ಇರ್ತಿದ್ವು. ಸಬಾದಲ್ಲಿ ತಲೆಬೇಟೆ, ಅಂದ್ರೆ ಶತ್ರುವಿನ ತಲೆ ಕಡಿದು ತರೋ ಪದ್ಧತಿ, ಎಲ್ಲರಿಗಿಂತ ಕೊನೆಗೆ ಬಿಟ್ಟವ್ರು ಇವ್ರೇ ಅಂತಾರೆ, ಗೈಡ್‌ಗಳು ಅದನ್ನೇ ಎಳ್ದೂ ಎಳ್ದೂ ಹೇಳ್ತಾರೆ, ನಂಗಂತೂ ಕೇಳಿ ಸಾಕಾಗಿದೆ.

ಲನ್ಸಾರನ್ ಅಂದ್ರೆ ಆ ಉದ್ದ ಮನೆ ಮಧ್ಯದಲ್ಲಿ ಮಾಡಿರೋ ಪುಟಿಯೋ ನೆಲ. ಒಂದು ಸ್ಪ್ರಿಂಗೂ ಇಲ್ಲ ನೋಡಿ, ಕೆಳಗಡೆ ಬಾಗೋ ಉದ್ದನೆ ಮರದ ಗಳುಗಳು, ಮೇಲೆ ಹಲಗೆ, ಅಷ್ಟೇ. ಮೇಲ್ಗಡೆ ಒಂದು ಬಹುಮಾನ ನೇತು ಹಾಕಿರ್ತಾರೆ, ಹಾರಿ ಕಿತ್ಕೋಬೇಕು.

ನಾನು ಹೋದಾಗ ನಮ್ಮ ಜೊತೆ ಬಂದಿದ್ದ ಟೂರ್ ಗುಂಪು ಸುತ್ತ ನಿಂತು ವಿಡಿಯೋ ಮಾಡ್ತಿತ್ತು. ಅಲ್ಲಿದ್ದ ಒಬ್ಬ ಹಿರಿಯರು ಬನ್ನಿ ಬನ್ನಿ ಅಂತ ಕೈ ಮಾಡಿದ್ರು, ಒಬ್ರೂ ಅಲ್ಲಾಡ್ಲಿಲ್ಲ. ನಾನು ಚಪ್ಪಲಿ ಬಿಟ್ಟು ಹತ್ತಿದೆ, ನನ್ನ ಹಿಂದೆ ನಮ್ಮ ಕಡೆಯವ್ರೇ ಒಬ್ರು ಆಂಟಿ ಸೆರಗು ಸಿಕ್ಕಿಸ್ಕೊಂಡು ಹತ್ತಿದ್ರು. ನೆಗಿಯೋದಲ್ರೀ ಇಲ್ಲಿ ವಿಷ್ಯ, ನೆಲದ ಮೇಲೆ ಹತ್ತಿ ಸುತ್ತ ನಿಂತವ್ರು ಎಲ್ಲರೂ ಒಟ್ಟಿಗೆ ಮಂಡಿ ಬಗ್ಸಿ ಒಟ್ಟಿಗೆ ಏಳ್ಬೇಕು, ಜೋಕಾಲಿ ಜೀಕ್ದ ಹಾಗೆ. ಒಬ್ರು ತಾಳ ತಪ್ಪಿದ್ರೆ ನೆಲ ಸತ್ತೇ ಹೋಗುತ್ತೆ, ಪಾದಕ್ಕೆ ಗೊತ್ತಾಗುತ್ತೆ. ಮೊದ್ಲು ಸುಮ್ನೆ ಕಿರ್ ಅಂತಿತ್ತು, ಹಿರಿಯರು ಬಾಯಲ್ಲೇ ತಾಳ ಹಾಕ್ತಾ ಹೋದ್ರು, ಸ್ವಲ್ಪ ಹೊತ್ತಲ್ಲಿ ಮರಕ್ಕೆ ಮರ ಬಡಿದು ಧಡಕ್ ಧಡಕ್ ಅಂತ ಇಡೀ ಮನೆಗೆ ಜೀವ ಬಂತು, ಮಧ್ಯದಲ್ಲಿದ್ದ ಹುಡುಗ ಆ ಏಟಿಗೆ ಮೇಲಕ್ಕೆ ಹೋದವ್ನು ಬಹುಮಾನ ಕಿತ್ಕೊಂಡೇ ಇಳ್ದ. ಆಂಟಿಗೆ ನಗು ತಡೆಯೋಕಾಗ್ತಿಲ್ಲ, ಇನ್ನೊಂದ್ಸಲ ಅಂತಾರೆ. ಅಷ್ಟರಲ್ಲಿ ಗೈಡು ಬಸ್ ರೆಡಿ ಅಂತ ಕೂಗಿದ. ಈ ಪ್ಯಾಕೇಜ್ ಟೂರ್‌ಗಳಿಗೆ ಏನ್ ಹೇಳೋದು ಹೇಳಿ, ಅಷ್ಟು ದೂರ ಕರ್ಕೊಂಡು ಹೋಗಿ ವಾಚ್ ನೋಡ್ತಾರೆ!

ಎದುರಿಗೆ ಕೆಂಪು ದೀಪ ಹತ್ತಿದೆ, ಟೈಮ್ ಆಯ್ತು ಅಂತಿದ್ದಾರೆ, ಬೇಗ ಹೇಳ್ಬಿಡ್ತೀನಿ. ಬಡಿಯೋ ಬಿದಿರಿನ ಗಳುಗಳ ಮಧ್ಯೆ ಕಾಲು ತಪ್ಪಿಸ್ಕೊಂಡು ಕುಣಿಯೋ ಮಗುನಾತಿಪ್ ನೃತ್ಯ ನೋಡಿ. ತಾಪೈ ಅನ್ನೋ ಹುಳಿ ಬರಿಸಿದ ಪಾನೀಯ ಜಾಡಿಯಿಂದಾನೇ ಕೊಳವೆ ಹಾಕಿ ಹೀರ್ತಾರೆ, ಅದು ಮದ್ಯ, ಬೇಡದವ್ರು ಬೇಡ ಅನ್ನಿ. 1915ರಲ್ಲಿ ಆಗ ಸಬಾ ಆಳ್ತಿದ್ದ ಬ್ರಿಟಿಷ್ ನಾರ್ತ್ ಬೋರ್ನಿಯೋ ಕಂಪನಿ ವಿರುದ್ಧ ರುಂಡುಮ್ ಅನ್ನೋ ಕಡೆ ದಂಗೆ ಎಬ್ಬಿಸಿದ ಆಂತಾನೊಮ್ ಮುರುತರವನೇ, ಅವನ ಕಥೆಗೆ ಇನ್ನೊಂದು ಭಾಷಣ ಬೇಕು. ಕಾಫಿ ತೋಟದವ್ರು ಕೇಳ್ತಾ ಇದ್ರೆ, ಟೆನೊಮ್ ರೊಬಸ್ಟಾಗೆ ಹೆಸರಾದ ಊರು, ಕುಡ್ದು ನಮ್ಮದ್ರ ಜೊತೆ ಹೋಲಿಸಿ ನೋಡಿ.

ಸಬಾದ ರಾಜಧಾನಿ ಕೋಟಾ ಕಿನಬಾಲು ಬಿಟ್ಟು ಹೋಗೋಕೆ ಟೈಮ್ ಇಲ್ಲ ಅನ್ನೋರಿಗೆ ಅಲ್ಲೇ ಪಕ್ಕದ ‘ಮರಿ ಮರಿ’ ಅನ್ನೋ ಹೆಸರಿನ ಸಂಸ್ಕೃತಿ ಹಳ್ಳಿಲೂ ಲನ್ಸಾರನ್ ಇದೆ. ಟೈಮ್ ಇದ್ರೆ ಬ್ಯೂಫೋರ್ಟ್‌ನಿಂದ ಪಾಡಾಸ್ ನದಿ ಪಕ್ಕದಲ್ಲೇ ಓಡೋ ರೈಲಲ್ಲಿ ಟೆನೊಮ್‌ಗೇ ಹೋಗಿ, ದಿನಕ್ಕೆ ಬೆರಳೆಣಿಕೆ ಟ್ರೈನ್ ಅಷ್ಟೇ, ಟೈಮಿಂಗ್ ಮೊದ್ಲೇ ವಿಚಾರಿಸ್ಕೊಳ್ಳಿ. ಎಲ್ಲೇ ಹೋದ್ರೂ ಮೊಬೈಲ್ ಜೇಬಿಗೆ ಹಾಕಿ, ಚಪ್ಪಲಿ ಬಿಟ್ಟು ಹತ್ರೀ.