ಕೈಗಾ ಜೊತೆ ರಾಯಚೂರನ್ನೂ ನೋಡೋಣ

ಕೇಳುಗರಿಗೆ ನಮಸ್ಕಾರ.

ಅಣು ವಿದ್ಯುತ್ತನ್ನು ಶುದ್ಧ ವಿದ್ಯುತ್ತು ಅನ್ನಬಹುದೇ? ತುಂಬಾ ವರ್ಷ ನಾನು ಇದಕ್ಕೆ ‘ಇಲ್ಲ’ ಅನ್ನುತ್ತಿದ್ದೆ. ಈಗ ‘ಹೌದು’ ಅನ್ನುತ್ತೇನೆ. ಯಾಕೆ ಅಂತ ಹೇಳುತ್ತೇನೆ. ಆ ಹೌದು ಎಲ್ಲಿಯವರೆಗೆ ಅನ್ನುವುದನ್ನೂ ಹೇಳುತ್ತೇನೆ.

ನಮ್ಮಲ್ಲಿ ಈ ಮಾತು ಶುರುವಾದರೆ ಕೈಗಾಕ್ಕೇ ಬಂದು ನಿಲ್ಲುತ್ತದೆ. ಕಾಳಿ ನದಿ, ಕದ್ರಾದ ಹಿನ್ನೀರು, ಸುತ್ತ ದಟ್ಟ ಕಾಡು. ಅಂಥ ಜಾಗದಲ್ಲಿ ಅಣುಸ್ಥಾವರ ಬರುತ್ತದೆ ಅಂದಾಗ ಉತ್ತರ ಕನ್ನಡದ ಜನ ಎದ್ದು ನಿಂತರು. ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದ ದುರಂತ ನಡೆದದ್ದು 1986ರಲ್ಲಿ. ಅದರ ಭಯ ಎಲ್ಲರ ಮನಸ್ಸಿನಲ್ಲೂ ಹಸಿಯಾಗಿತ್ತು. ಶಿವರಾಮ ಕಾರಂತರು 1989ರಲ್ಲಿ ಈ ವಿಷಯ ಹಿಡಿದೇ ಲೋಕಸಭಾ ಚುನಾವಣೆಗೆ ನಿಂತರು. ಆಗ ಅವರಿಗೆ 87 ವರ್ಷ. ಗೆಲ್ಲಲಿಲ್ಲ, ಆದರೆ ಅವರೆತ್ತಿದ ಪ್ರಶ್ನೆ ನಾಡಿನ ಎಲ್ಲ ಕಡೆಗೂ ಹೋಯಿತು. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಒಂದನೇ ಘಟಕದ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಆಗಿನ್ನೂ ಒಳಗೆ ಯುರೇನಿಯಂ ಇರಲಿಲ್ಲ. ಆದರೂ ಆ ಸುದ್ದಿ ಓದಿದವರು ಸ್ಥಾವರವನ್ನು ನಂಬುವುದಾದರೂ ಹೇಗೆ?

ನನ್ನ ಮನಸ್ಸು ಬದಲಾಗಿದ್ದು ಕೈಗಾ ನೋಡಿ ಅಲ್ಲ. ರಾಯಚೂರಿನ ಶಕ್ತಿನಗರದಿಂದ. ಅಲ್ಲಿ ಕೃಷ್ಣಾ ದಡದಲ್ಲಿ 1720 ಮೆಗಾವಾಟ್‌ನ ಶಾಖೋತ್ಪನ್ನ ಕೇಂದ್ರ ಇದೆ. 1985ರಿಂದ ಕಲ್ಲಿದ್ದಲು ಉರಿಸುತ್ತಿದೆ. ಎಲ್ಲ ಘಟಕ ಪೂರ್ತಿ ಓಡಿದ ದಿನ 20 ಸಾವಿರ ಟನ್‌ಗೂ ಜಾಸ್ತಿ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗದಷ್ಟು ಬೂದಿಯೇ. ಆ ಬೂದಿ ಎಲ್ಲಿ ಹೋಗಬೇಕು? ಸ್ವಲ್ಪ ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ. ಉಳಿದದ್ದು ಬೂದಿ ಕೊಳಕ್ಕೆ. ಬೇಸಿಗೆಯ ಗಾಳಿಗೆ ಅದು ಎದ್ದು ಹೊಲ, ಮನೆ, ಶಾಲೆ ಅನ್ನದೆ ಎಲ್ಲ ಕಡೆ ಕೂರುತ್ತದೆ. ಚಿಮಣಿಯಿಂದ ಹೊರಟ ಸಣ್ಣ ಕಣ ಕಣ್ಣಿಗೂ ಕಾಣುವುದಿಲ್ಲ, ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ.

ಈಗ ಕೈಗಾದ ಲೆಕ್ಕ ನೋಡೋಣ. ಅಲ್ಲಿ ಬಳಸುವ ಇಂಧನದ ಒಂದು ಕಟ್ಟು ಅರ್ಧ ಮೀಟರ್ ಉದ್ದ. ಅದರಲ್ಲಿರುವ ಯುರೇನಿಯಂ ಆಕ್ಸೈಡ್ ಸುಮಾರು 15 ಕಿಲೋ. ಹೈದರಾಬಾದಿನಲ್ಲಿ ತಯಾರಾಗಿ ಬರುತ್ತದೆ. ಒಂದು ಕಟ್ಟಿನಿಂದ 6 ಲಕ್ಷ ಯೂನಿಟ್‌ಗೂ ಹೆಚ್ಚು ವಿದ್ಯುತ್ತು ಸಿಗುತ್ತದೆ. ಅಷ್ಟೇ ವಿದ್ಯುತ್ತು ಕಲ್ಲಿದ್ದಲಿನಿಂದ ಬೇಕಾದರೆ ಸುಮಾರು 400 ಟನ್ ಸುಡಬೇಕು. ಅಂದರೆ ಆರೇಳು ರೈಲು ವ್ಯಾಗನ್ ತುಂಬಾ ಕಲ್ಲಿದ್ದಲು, ನೂರಕ್ಕೂ ಜಾಸ್ತಿ ಟನ್ ಬೂದಿ. ಈ ಹೋಲಿಕೆ ಮಾಡಿ ನೋಡಿದ ಮೇಲೆ ನನ್ನ ಹಳೆಯ ‘ಇಲ್ಲ’ ನಿಲ್ಲಲಿಲ್ಲ.

ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ 2014ರಲ್ಲಿ ಒಂದು ಲೆಕ್ಕ ಕೊಟ್ಟಿತು. ಗಣಿಯಿಂದ ಹಿಡಿದು ಸ್ಥಾವರ ಮುಚ್ಚುವವರೆಗೆ ಎಲ್ಲ ಸೇರಿಸಿದ ಲೆಕ್ಕ ಅದು. ಒಂದು ಯೂನಿಟ್‌ಗೆ ಕಲ್ಲಿದ್ದಲು 820 ಗ್ರಾಂ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುವ ಅನಿಲ ಬಿಡುತ್ತದೆ. ಅಣುಶಕ್ತಿ 12 ಗ್ರಾಂ. ಗಾಳಿ ವಿದ್ಯುತ್ತೂ ಹೆಚ್ಚುಕಡಿಮೆ ಅಷ್ಟೇ. ಗಾಳಿಯನ್ನು ಕೆಡಿಸುವುದಿಲ್ಲ ಅನ್ನುವ ಅರ್ಥದಲ್ಲಿ ಅಣು ವಿದ್ಯುತ್ತು ಶುದ್ಧವೇ. ಇದರಲ್ಲಿ ನನಗೆ ಈಗ ಅನುಮಾನ ಇಲ್ಲ.

‘ಹಾಗಾದರೆ ಫುಕುಶಿಮಾ?’ ಅಂತ ನೀವು ಕೇಳಬೇಕು. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಿಂದ ಜಪಾನಿನ ಆ ಅಣುಸ್ಥಾವರದ ಮೂರು ರಿಯಾಕ್ಟರುಗಳ ಒಳಗಿನ ಇಂಧನ ಕರಗಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಆ ನೋವನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಜೀವ ತೆಗೆದದ್ದು ವಿಕಿರಣಕ್ಕಿಂತ ಹೆಚ್ಚಾಗಿ ಆ ಸ್ಥಳಾಂತರ. ಆಸ್ಪತ್ರೆ, ವೃದ್ಧಾಶ್ರಮದಲ್ಲಿದ್ದ ಮುದುಕರನ್ನು ಆತುರದಲ್ಲಿ ಬಸ್ಸು ಹತ್ತಿಸಿದ್ದು, ಮನೆ ಕಳಕೊಂಡ ಕೊರಗು, ಸರಿಯಾದ ಚಿಕಿತ್ಸೆ ಸಿಗದೇ ಹೋದದ್ದು. ಕಲ್ಲಿದ್ದಲಿನ ಹೊಗೆ ಕೊಲ್ಲುವುದು ಬೇರೆ ರೀತಿ. ದಿನಾ ಸ್ವಲ್ಪ ಸ್ವಲ್ಪ, ಯಾವ ಪತ್ರಿಕೆಯಲ್ಲೂ ಸುದ್ದಿಯಾಗದೆ. ಸುದ್ದಿಯಾಗಲಿಲ್ಲ ಅಂತ ಆ ಸಾವುಗಳನ್ನು ಲೆಕ್ಕಕ್ಕೆ ಹಿಡಿಯದೆ ಇರುವುದು ನ್ಯಾಯವಲ್ಲ, ಅಲ್ವಾ?

ಫುಕುಶಿಮಾ ನೋಡಿ ಮನಸ್ಸು ಬದಲಿಸಿದವರು ದೊಡ್ಡವರೇ ಇದ್ದಾರೆ. ಆಗ ಜರ್ಮನಿಯ ಚಾನ್ಸೆಲರ್ ಆಗಿದ್ದ ಏಂಜೆಲಾ ಮರ್ಕೆಲ್ ಸ್ವತಃ ವಿಜ್ಞಾನಿ. 2010ರಲ್ಲಿ ಅಣುಸ್ಥಾವರಗಳ ಆಯಸ್ಸು ಹೆಚ್ಚಿಸಿದವರು ಮರುವರ್ಷ ಮುಚ್ಚುವ ನಿರ್ಧಾರ ಮಾಡಿದರು. ಕೊನೆಯ ಮೂರು ಸ್ಥಾವರ 2023ರ ಏಪ್ರಿಲ್‌ನಲ್ಲಿ ನಿಂತವು. ಆ ದಿನವೂ ಜರ್ಮನಿಯಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇತ್ತು. ಮೊದಲು ಯಾವುದನ್ನು ನಿಲ್ಲಿಸಬೇಕಿತ್ತು ಅನ್ನುವುದರಲ್ಲಿ ನನಗೆ ಅವರ ಜೊತೆ ಒಪ್ಪಿಗೆ ಇಲ್ಲ. ಫಿನ್ಲೆಂಡಿನಲ್ಲಿ ನಡೆದದ್ದು ತಿರುಗುಮುರುಗು. ಅಲ್ಲಿನ ಹಸಿರು ಪಕ್ಷ 2022ರಲ್ಲಿ ಅಣುಶಕ್ತಿ ಬೇಕು ಅಂತ ತನ್ನ ನಿಲುವನ್ನೇ ಬದಲಿಸಿತು. ಬಳಸಿದ ಇಂಧನವನ್ನು ನೆಲದಡಿ 400 ಮೀಟರ್‌ಗೂ ಆಳದ ಬಂಡೆಯಲ್ಲಿ ಹೂಳಿಡಲು ಆ ದೇಶ ಜಾಗ ಕೊರೆದಿದೆ. ಭಾರತದಲ್ಲಿ ಬಳಸಿದ ಇಂಧನವನ್ನು ಮತ್ತೆ ಸಂಸ್ಕರಿಸುತ್ತಾರೆ. ಉಳಿದ ತೀವ್ರ ವಿಕಿರಣದ ಕಸವನ್ನು ಗಾಜಿನೊಳಗೆ ಸೇರಿಸಿ ಇಡುತ್ತಾರೆ. ಅದನ್ನು ಕೊನೆಗೆ ಎಲ್ಲಿ ಹೂಳಬೇಕು ಅನ್ನುವುದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಇಲ್ಲಿಂದ ನನ್ನ ‘ಹೌದು’ ಸ್ವಲ್ಪ ತಡೆಯುತ್ತದೆ.

ಗಾಳಿಯ ಮಟ್ಟಿಗೆ ಶುದ್ಧ ಅಂದೆ. ನೆಲದ ಮಟ್ಟಿಗೆ ಹಾಗೆ ಅನ್ನಲಾರೆ. ಜಾರ್ಖಂಡ್‌ನ ಜಾದೂಗೋಡದಲ್ಲಿ ಯುರೇನಿಯಂ ಗಣಿಯ ತ್ಯಾಜ್ಯದ ಕೊಳಗಳ ಪಕ್ಕದಲ್ಲೇ ಆದಿವಾಸಿ ಹಳ್ಳಿಗಳಿವೆ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ಯುರೇನಿಯಂ ನಿಕ್ಷೇಪ ಇದೆ, ಅಲ್ಲಿಯ ಜನರಿಗೂ ಗಣಿಯ ಚಿಂತೆ ಇದೆ. ಕೈಗಾದಿಂದ ಹೊರಟ ವಿದ್ಯುತ್ ಮಾರ್ಗಗಳಿಗೆ ಪಶ್ಚಿಮಘಟ್ಟದ ಕಾಡು ಕಡಿಯಲಾಯಿತು. ಕಾರಂತರ ಕಾಲದ ಹೋರಾಟಗಾರರು ಕಾಡಿನ ಬಗ್ಗೆ, ಮನೆ ಬಿಟ್ಟವರ ಬಗ್ಗೆ ಹೇಳಿದ ಒಂದು ಮಾತೂ ಇವತ್ತಿಗೆ ಸುಳ್ಳಾಗಿಲ್ಲ. 12 ಗ್ರಾಂ ಲೆಕ್ಕ ಅದಕ್ಕೆ ಉತ್ತರ ಅಲ್ಲ.

ಬಿಸಿಲಿನ ವಿದ್ಯುತ್ತು ಸಾಕಲ್ಲ ಅನ್ನುವವರೂ ಇದ್ದಾರೆ. ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವಾಟ್‌ನದು, ನಾಡಿಗೆ ಹೆಮ್ಮೆ. ಹಗಲು ಪಂಪ್‌ಸೆಟ್‌ಗೆ ಅದು ಬೇಕೇ ಬೇಕು. ಸೂರ್ಯ ಮುಳುಗಿದ ಮೇಲೆ ಬೆಂಗಳೂರಿಗೆ ಬೇಕಾದ ವಿದ್ಯುತ್ತಿಗೆ ಇವತ್ತು ನೀರು, ಕಲ್ಲಿದ್ದಲು, ಕೈಗಾ ಎಲ್ಲವೂ ಬೇಕು. ಬ್ಯಾಟರಿ ಅಗ್ಗವಾಗುತ್ತಿದೆ, ಒಳ್ಳೆಯದೇ. ಅಲ್ಲಿಯವರೆಗೆ ಓಡುತ್ತಿರುವ ಅಣುಸ್ಥಾವರ ನಿಲ್ಲಿಸಿದರೆ ಆ ಜಾಗ ತುಂಬುವುದು ಬಹುಪಾಲು ಕಲ್ಲಿದ್ದಲೇ. ಕೈಗಾದ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ಒಂದೇ ಸಮನೆ ಓಡಿತು. ಆಗ ಅದು ವಿಶ್ವದಾಖಲೆ. ಅಲ್ಲಿ ದುಡಿದವರಿಗೆ ಆ ಗೌರವ ಸಲ್ಲಬೇಕು.

ಅದೇ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರೀಟಿಯಂ ಅನ್ನುವ ವಿಕಿರಣ ವಸ್ತು ಸೇರಿದ, ರಿಯಾಕ್ಟರಿನಲ್ಲಿ ಬಳಸುವ ಭಾರಜಲ ಬೆರೆತು ಕೆಲವು ಕೆಲಸಗಾರರ ಮೈ ಸೇರಿತ್ತು. ಸುತ್ತಲ ಜನ ಅದನ್ನು ಮರೆತಿಲ್ಲ.

ಈಗ ಕೈಗಾ 5 ಮತ್ತು 6ರ ಸರದಿ. ಒಂದೊಂದೂ 700 ಮೆಗಾವಾಟ್. ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2017ರಲ್ಲಿ. ಅವಕ್ಕೆ ನನ್ನ ವಿರೋಧ ಇಲ್ಲ. ಆದರೆ ಒಂದು ಬೇಡಿಕೆ ಇದೆ. ಸ್ಥಾವರದ ಸುತ್ತಲಿನ ನೀರು, ಮೀನು, ಹಾಲಿನ ವಿಕಿರಣ ಅಳೆಯುವ ಪ್ರಯೋಗಾಲಯ ಅಲ್ಲೇ ಇದೆ. ಅದರ ಅಂಕಿಗಳು ಪ್ರತಿ ತಿಂಗಳು ಕನ್ನಡದಲ್ಲಿ, ಮಲ್ಲಾಪುರ, ಕದ್ರಾದ ಪಂಚಾಯಿತಿ ಕಚೇರಿಯ ಗೋಡೆಗೆ ಬರಲಿ. ಊರವರೇ ಆರಿಸಿದ ಒಬ್ಬ ತಜ್ಞರು ಬೇರೆಯಾಗಿ ಅಳೆದು ನೋಡಲಿ. ಇಷ್ಟನ್ನು ಐದನೇ ಘಟಕ ಓಡಲು ಶುರುವಾಗುವ ಮುಂಚೆ ಕೇಳುವ ಹಕ್ಕು ಆ ಜನರಿಗಿದೆ.

ನಮಸ್ಕಾರ.