ಇಬ್ಬಿಬ್ಬರಾಗಿ ಹೊರಟ ಹುಡುಗರು

ಕೇಳುಗರಿಗೆ ನಮಸ್ಕಾರ.

ಬಿಳಿ ಅಂಗಿಯ ಕಾಲರನ್ನು ಕೈಯಲ್ಲಿ ಹೇಗೆ ಒಗೆಯಬೇಕೆಂದು ನಾನು ಅಮೆರಿಕದ ಹುಡುಗನೊಬ್ಬನಿಗೆ ಹೇಳಿಕೊಟ್ಟಿದ್ದೇನೆ. ಆಗ ನಾನು ಯೂಟಾ ರಾಜ್ಯದ ಪ್ರೋವೊ ಪಟ್ಟಣದಲ್ಲಿ, ಅವನ ತಾಯಿಯ ಅಡುಗೆಮನೆಯಲ್ಲಿ ಕುಳಿತಿದ್ದೆ. ಅವನು ಫಿಲಿಪ್ಪೀನ್ಸ್ ದೇಶದ ಸಣ್ಣ ಊರೊಂದರಲ್ಲಿ ಪ್ಲಾಸ್ಟಿಕ್ ಬೋಗುಣಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಮೊಬೈಲ್, ಹದಿನಾಲ್ಕು ಗಂಟೆಗಳ ಅಂತರ. ನಮಗೆ ಭಾನುವಾರದ ಸಂಜೆ, ಅವನಿಗೆ ಸೋಮವಾರದ ಬೆಳಗು.

2023ರ ಏಪ್ರಿಲ್‌ನಲ್ಲಿ ಮಗಳ ಬಾಣಂತನಕ್ಕೆಂದು ಧಾರವಾಡದಿಂದ ಅಲ್ಲಿಗೆ ಹೋಗಿದ್ದೆ. ಬೆಟ್ಟಗಳ ನೆತ್ತಿಯ ಮೇಲೆ ಇನ್ನೂ ಹಿಮವಿತ್ತು. ಮಗು ಹುಟ್ಟಿದ ಮೂರನೆಯ ದಿನ ಬಾಗಿಲ ಗಂಟೆ ಬಾರಿಸಿತು. ಪಕ್ಕದ ಮನೆಯವರು, ನನ್ನ ಮಗಳಿಗಿಂತ ಹದಿನೈದು ವರ್ಷ ದೊಡ್ಡವರಿರಬಹುದು, ಬಟ್ಟೆ ಸುತ್ತಿದ ಬಿಸಿ ರೊಟ್ಟಿಯೊಂದನ್ನು ಹಿಡಿದು ನಿಂತಿದ್ದರು. ಒಳಗೆ ಕರೆದು ಚಹಾ ಮಾಡಿಕೊಟ್ಟೆ. ಅವರು ಕಪ್ಪನ್ನು ಮುಟ್ಟಲಿಲ್ಲ. ಅವರ ಮತದಲ್ಲಿ ಚಹಾ, ಕಾಫಿ, ಮದ್ಯ, ತಂಬಾಕು ಯಾವುದೂ ಸಲ್ಲದು ಎಂದು ಮಗಳು ಮೆಲ್ಲಗೆ ಹೇಳಿದಳು. ಏಲಕ್ಕಿ ಹಾಕಿ ಹಾಲು ಕಾಸಿ ಕೊಟ್ಟೆ. ಅದನ್ನು ಕೊನೆಯ ಗುಟುಕಿನವರೆಗೂ ಕುಡಿದರು. ನಮ್ಮ ಸ್ನೇಹ ಶುರುವಾದದ್ದು ಆ ಹಾಲಿನಿಂದ.

ಅವರು ಮಾರ್ಮನ್ ಪಂಥದವರು. ಮಾರ್ಮನ್ ಎಂಬುದು ಜನ ಇಟ್ಟ ಹೆಸರು. ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ ಎಂಬ ಪೂರ್ಣ ಹೆಸರಿನಿಂದಲೇ ಕರೆಯಿರಿ ಎಂದು ಅವರ ಅಧ್ಯಕ್ಷರು 2018ರಲ್ಲಿ ಕೇಳಿಕೊಂಡರು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬ ತರುಣ ಸ್ಥಾಪಿಸಿದ ಈ ಸಭೆಯ, ಅಂದರೆ ಚರ್ಚಿನ, ಕೇಂದ್ರ ಈಗ ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿದೆ. ಅವರ ಅಡುಗೆಮನೆಯ ಗೋಡೆಯ ಮೇಲೆ ಒಂದು ಭೂಪಟವಿತ್ತು. ಅದರಲ್ಲಿ ಜರ್ಮನಿಯ ಮೇಲೊಂದು ಗುಂಡುಸೂಜಿ, ಫಿಲಿಪ್ಪೀನ್ಸ್ ಮೇಲೊಂದು. ದೊಡ್ಡ ಮಗ ಜರ್ಮನಿಗೆ ಹೋಗಿ ಎರಡು ವರ್ಷ ಮಿಷನರಿಯಾಗಿದ್ದು ಮರಳಿದ್ದ. ಎರಡನೆಯವನು ಆರು ತಿಂಗಳ ಹಿಂದೆ ಹೊರಟಿದ್ದ.

ಎಲ್ಲಿಗೆ ಹೋಗಬೇಕೆಂದು ಹುಡುಗರು ಆರಿಸಿಕೊಳ್ಳುವಂತಿಲ್ಲ. ಅರ್ಜಿ ಹಾಕುತ್ತಾರೆ, ಸಭೆ ಊರು ಗೊತ್ತುಮಾಡುತ್ತದೆ. ಮೊದಲು ಅದು ದೊಡ್ಡ ಬಿಳಿ ಲಕೋಟೆಯಲ್ಲಿ ಅಂಚೆಯಿಂದ ಬರುತ್ತಿತ್ತು, ಈಗ ಕಂಪ್ಯೂಟರಿನಲ್ಲೇ ಬರುತ್ತದೆ. ಬಂಧುಗಳೆಲ್ಲ ಕೂಡಿ ಕುಳಿತಾಗ ತೆರೆದು ಓದುತ್ತಾರೆ. 2012ರಲ್ಲಿ ಹೊರಡುವ ವಯಸ್ಸನ್ನು ಹುಡುಗರಿಗೆ 19ರಿಂದ 18ಕ್ಕೆ, ಹುಡುಗಿಯರಿಗೆ 21ರಿಂದ 19ಕ್ಕೆ ಇಳಿಸಿದರು. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. ಸಂಬಳವಿಲ್ಲ. ಖರ್ಚನ್ನು ತಾವೋ ಮನೆಯವರೋ ಕಟ್ಟಬೇಕು. ಅಮೆರಿಕದ ಹುಡುಗರಿಗೆ ತಿಂಗಳಿಗೆ 400 ಡಾಲರ್ ಇದ್ದದ್ದು 2020ರ ಜುಲೈನಿಂದ 500 ಆಯಿತು. ಟೋಕಿಯೊಗೆ ಹೋದರೂ ಅಷ್ಟೇ, ಫಿಲಿಪ್ಪೀನ್ಸಿನ ಹಳ್ಳಿಗೆ ಹೋದರೂ ಅಷ್ಟೇ. ಈ ಹುಡುಗ ಹತ್ತನೆಯ ವಯಸ್ಸಿನಿಂದ ನೆರೆಯವರ ಹುಲ್ಲು ಕತ್ತರಿಸಿ ಆ ಹಣ ಕೂಡಿಟ್ಟಿದ್ದನಂತೆ. ಹೀಗೆ ಹೊರಟವರು ಜಗತ್ತಿನಲ್ಲಿ ಈಗ 70,000ಕ್ಕೂ ಹೆಚ್ಚು.

ಧಾರವಾಡದವಳಾದ ನನಗೆ ಮಿಷನರಿ ಎಂದ ಕೂಡಲೇ ನೆನಪಾಗುವುದು ಕಿಟೆಲ್. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದು, ನಾಲ್ಕು ದಶಕ ಕನ್ನಡದ ಶಬ್ದಗಳನ್ನು ಹೆಕ್ಕಿ, 1894ರಲ್ಲಿ ನಿಘಂಟು ಕೊಟ್ಟವರು. ಅದೇ 1853ರಲ್ಲಿ ಯೂಟಾದಿಂದ ಹೊರಟ ಹದಿಮೂರು ಮಂದಿ ಮಾರ್ಮನ್ ಮಿಷನರಿಗಳು ಕಲ್ಕತ್ತೆಯಲ್ಲಿ ಇಳಿದಿದ್ದರು. ಅವರ ಕೆಲಸ ಬೇರೂರಲಿಲ್ಲ, ಕೆಲವೇ ವರ್ಷಗಳಲ್ಲಿ ಮರಳಿದರು. ಎಷ್ಟೋ ಕಾಲದ ಮೇಲೆ, 1993ರಲ್ಲಿ, ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಭಾರತದಲ್ಲಿ ಅವರ ಮಿಷನ್ ಶುರುವಾಯಿತು. ಭಾರತದ ಅವರ ಮೊದಲ ದೇವಾಲಯಕ್ಕೂ ಬೆಂಗಳೂರನ್ನೇ ಆರಿಸಿ, 2020ರ ಡಿಸೆಂಬರಿನಲ್ಲಿ ಕೆಲಸ ಆರಂಭಿಸಿದರು.

ಹುಡುಗನ ಮಾತಿಗೆ ಬರುತ್ತೇನೆ.

ಪ್ರೋವೊದಲ್ಲೇ ಇರುವ ತರಬೇತಿ ಕೇಂದ್ರದಲ್ಲಿ ಕೆಲವು ವಾರ ತಗಾಲೋಗ್ ಭಾಷೆ ಕಲಿಸಿ ಅವನನ್ನು ಲೂಸಾನ್ ದ್ವೀಪದ ಕೆಸೋನ್ ಪ್ರಾಂತಕ್ಕೆ ಕಳಿಸಿದ್ದರು. ತೆಂಗಿನ ಸೀಮೆ. ಬೆಳಿಗ್ಗೆ ಆರೂವರೆಗೆ ಏಳಬೇಕು, ವ್ಯಾಯಾಮ, ಪ್ರಾರ್ಥನೆ, ಓದು. ಆಮೇಲೆ ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ, ಬೀದಿ. ರಾತ್ರಿ ಹತ್ತೂವರೆಗೆ ದೀಪ ಆರಬೇಕು. ಸಿನಿಮಾ ಇಲ್ಲ, ಟಿವಿ ಇಲ್ಲ, ಹುಡುಗಿಯರ ಜೊತೆ ಸುತ್ತಾಟವಿಲ್ಲ. ಈಜುವಂತಿಲ್ಲ. ಹತ್ತು ನಿಮಿಷ ನಡೆದರೆ ಕಡಲು, ಆದರೆ ಎರಡು ವರ್ಷ ಅದನ್ನು ದಂಡೆಯಲ್ಲಿ ನಿಂತೇ ನೋಡಬೇಕು. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಎಲ್ಡರ್, ಅಂದರೆ ಹಿರಿಯ, ಅದರ ಮುಂದೆ ಮನೆತನದ ಹೆಸರು. ವಾರಕ್ಕೊಂದು ದಿನ ಬಟ್ಟೆ ಒಗೆಯಲು, ಸಂತೆ ಮಾಡಲು, ಮನೆಯವರೊಂದಿಗೆ ಮಾತಾಡಲು ಬಿಡುವು. 2019ಕ್ಕೆ ಮೊದಲು ಮನೆಗೆ ಫೋನ್ ಮಾಡಲು ಅವಕಾಶವಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ ದಿನ ಮತ್ತು ತಾಯಂದಿರ ದಿನ. ದೊಡ್ಡ ಮಗ ಜರ್ಮನಿಯಲ್ಲಿದ್ದಾಗ ಹಾಗೇ ಇತ್ತು ಎಂದು ಹೇಳುವಾಗ ಆ ತಾಯಿ ಗೋಡೆಯ ಮೇಲಿನ ಸೂಜಿಯನ್ನು ಒಮ್ಮೆ ಮುಟ್ಟಿ ನೋಡಿದರು.

ಇಷ್ಟೆಲ್ಲ ಕಟ್ಟುಪಾಡುಗಳಿಗಿಂತ ನನ್ನ ಮನಸ್ಸನ್ನು ಹಿಡಿದದ್ದು ಇನ್ನೊಂದು. ಮಿಷನರಿ ಎಂದೂ ಒಂಟಿಯಾಗಿರುವಂತಿಲ್ಲ. ಯಾವಾಗಲೂ ಇಬ್ಬರು. ಒಬ್ಬನು ಇನ್ನೊಬ್ಬನ ಕಣ್ಣಳತೆಯಲ್ಲಿ, ಕಿವಿಯಳತೆಯಲ್ಲಿ ಇರಬೇಕು. ಸ್ನಾನ, ಶೌಚ ಬಿಟ್ಟರೆ ಹಗಲೂ ರಾತ್ರಿ ಜೊತೆ. ಆ ಜೊತೆಗಾರನನ್ನು ಆರಿಸುವುದೂ ಇವನಲ್ಲ. ಆರು ವಾರಕ್ಕೊಮ್ಮೆ ಬದಲಾವಣೆಯ ಪಟ್ಟಿ ಬರುತ್ತದೆ. ಬದಲಾದರೆ ಬದಲಾದ, ಇಲ್ಲದಿದ್ದರೆ ಅದೇ ಕೋಣೆ, ಅದೇ ಮುಖ. ಜನರಿಗೆ ಉಪದೇಶ ಮಾಡಲು ಹೋಗುತ್ತಾರೆ ಎಂದು ನಾವು ತಿಳಿಯುತ್ತೇವೆ. ಆದರೆ ಆ ಎರಡು ವರ್ಷದ ನಿಜವಾದ ಪಾಠಶಾಲೆ ಆ ಒಂದು ಕೋಣೆ ಎಂದು ನನಗೆ ಮನದಟ್ಟಾಗಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಅಂಥ ಪಾಠವನ್ನು ನಾನು ಯಾರಿಗೂ ಕಲಿಸಲಾಗಲಿಲ್ಲ.

ಇವನ ಜೊತೆಗಾರ ನೇಗ್ರೋಸ್ ದ್ವೀಪದವನು, ಇಪ್ಪತ್ತರ ಹುಡುಗ. ಅದು ಕಬ್ಬಿನ ನಾಡು. ಅಪ್ಪ ಕಬ್ಬು ಕಡಿಯುವ ಕೂಲಿ. ಅವನ ಮನೆಮಾತು ಬೇರೆ, ತಗಾಲೋಗ್ ಅವನಿಗೂ ಕಲಿತ ಭಾಷೆ. ನಾನು ನೋಡತೊಡಗಿದ ಮೊದಲ ವಾರಗಳಲ್ಲಿ ಅವನು ಫೋನಿನಲ್ಲಿ ಹಿಂದುಗಡೆ ಕಾಣುತ್ತಿದ್ದ, ಮಾತಾಡುತ್ತಿರಲಿಲ್ಲ. ಒಂದು ಭಾನುವಾರ ನಮ್ಮ ಹುಡುಗನ ಮುಖ ಬಾಡಿತ್ತು. ತಾಯಿ ಕೇಳಿದರು, ಹೇಳಲಿಲ್ಲ. ಮುಂದಿನ ವಾರ ಹೇಳಿದ.

ಅವರ ಮನೆಗೆ ನಲ್ಲಿಯಲ್ಲಿ ನೀರು ಬರುವುದು ಒಂದೊಂದು ದಿನ ಮಾತ್ರ. ಸ್ನಾನದ ಕೋಣೆಯಲ್ಲಿ ಒಂದು ಡ್ರಮ್ಮು, ಅದರಲ್ಲಿ ನೀರು ಮೊಗೆಯಲು ಹಿಡಿಕೆಯ ಪಾತ್ರೆ. ಅದಕ್ಕೆ ಅವರು ಟಾಬೊ ಎನ್ನುತ್ತಾರೆ. ನಾನು ತಂಬಿಗೆ ಎಂದೆ, ಅವನು ಟಾಬೊ ಎಂದ, ಇಬ್ಬರೂ ನಕ್ಕೆವು. ಹುಟ್ಟಿದಾಗಿನಿಂದ ಷವರ್ ಕೆಳಗೆ ನಿಂತವನು ಬೆಳಿಗ್ಗೆ ಸ್ನಾನಕ್ಕೆ ಹೋದರೆ ಡ್ರಮ್ಮಿನ ಅರ್ಧ ಖಾಲಿ ಮಾಡುತ್ತಿದ್ದ. ಜೊತೆಗಾರ ಏನೂ ಅನ್ನುತ್ತಿರಲಿಲ್ಲ. ನಸುಕಿನಲ್ಲಿ ಎದ್ದು, ಅಂಗಳದಾಚೆಗೇ ಇದ್ದ ಪಕ್ಕದವರ ಕೈಪಂಪಿನಿಂದ ಎರಡು ಬಕೆಟ್ ತಂದು ಸುರಿಯುತ್ತಿದ್ದ. ಹೀಗೆ ಐದು ವಾರ. ಅಲ್ಲಿಯ ಜನ ಮುಖ ಮುರಿಯುವ ಹಾಗೆ ಮಾತಾಡುವವರಲ್ಲವಂತೆ. ಇವನಿಗೆ ಮಾತ್ರ ತನ್ನ ಜೊತೆಗಾರ ಮೌನವಾಗಿ ಸಿಟ್ಟಾಗಿದ್ದಾನೆ ಎಂದು ಗೊತ್ತು, ಏಕೆಂದು ಗೊತ್ತಿಲ್ಲ.

ವಾರಕ್ಕೊಮ್ಮೆ ಇಬ್ಬರೂ ಎದುರು ಬದುರು ಕುಳಿತು, ನಮ್ಮ ನಡುವೆ ಏನು ಸರಿಯಿಲ್ಲ ಎಂದು ಮಾತಾಡಬೇಕೆಂಬ ನಿಯಮವಿದೆ. ಐದು ವಾರವೂ ಎಲ್ಲ ಸರಿಯಿದೆ ಎಂದು ಎದ್ದಿದ್ದರು. ಆರನೆಯ ವಾರ ಇವನೇ, ನಾನು ಮಾಡುವ ತಪ್ಪು ಹೇಳುವವರೆಗೆ ಏಳುವುದಿಲ್ಲ ಎಂದನಂತೆ. ಬಹಳ ಹೊತ್ತಿನ ಮೇಲೆ ಜೊತೆಗಾರ ಒಂದೇ ಶಬ್ದ ಹೇಳಿದ: ನೀರು.

ಇದನ್ನು ಕೇಳಿ ನನ್ನ ಕಣ್ಣು ತುಂಬಿತು. ಧಾರವಾಡದಲ್ಲಿ ವಾರಕ್ಕೊಮ್ಮೆ ಬರುವ ನೀರಿಗಾಗಿ ನಡುರಾತ್ರಿ ಎದ್ದು ಹಂಡೆ, ಕೊಡ, ಬಕೆಟ್ ತುಂಬಿಸಿದವಳು ನಾನು. ತುಂಬಿದ ಪಾತ್ರೆಯ ಬೆಲೆ ನನಗೆ ಗೊತ್ತು. ಆ ತಾಯಿಗೆ ಗೊತ್ತಿರಲಿಲ್ಲ. ಅವರು ಎದ್ದು ಸಿಂಕಿನ ಬಳಿ ಹೋಗಿ, ಹನಿಯುತ್ತಿದ್ದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಬಂದು ಕುಳಿತರು.

ಮರುದಿನದಿಂದ ಹುಡುಗ ನಸುಕಿಗೆ ಎದ್ದು ತಾನೂ ಒಂದು ಬಕೆಟ್ ಹಿಡಿದ. ಎರಡು ತಂಬಿಗೆಯಲ್ಲಿ ಮೈ ತೋಯಿಸಿ, ಸಾಬೂನು ಹಚ್ಚಿ, ನಾಲ್ಕು ತಂಬಿಗೆಯಲ್ಲಿ ಮುಗಿಸುವುದನ್ನು ಜೊತೆಗಾರನೇ ಕಲಿಸಿದ. ಪಟ್ಟಿ ಬಂದಾಗ ಅವರನ್ನು ಬೇರೆ ಮಾಡಿರಲಿಲ್ಲ.

ಹಾಗಿರುವಾಗಲೇ ಕಾಲರಿನ ಮಾತು ಬಂದದ್ದು. ಬೆವರು, ಧೂಳು ಸೇರಿ ಕಾಲರಿನ ಮಡಿಕೆಯಲ್ಲಿ ಕಂದು ಗೆರೆ ಬಿದ್ದಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ ಎಂದು ಫೋನಿಗೆ ಹಿಡಿದು ತೋರಿಸಿದ. ತಾಯಿ ನನ್ನ ಮುಖ ನೋಡಿದರು. ನಾನು ಫೋನಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡೆ. ಮೊದಲು ಕಾಲರನ್ನಷ್ಟೇ ಒದ್ದೆ ಮಾಡು. ಬಾರ್ ಸಾಬೂನನ್ನು ಮಡಿಕೆಯ ಉದ್ದಕ್ಕೂ ಹಚ್ಚು. ಕಾಲು ಗಂಟೆ ಹಾಗೇ ಬಿಡು. ಬ್ರಷ್ ಬೇಡ, ಎಳೆ ಬಿಡುತ್ತದೆ. ಕಾಲರಿನ ಒಂದು ತುದಿಯನ್ನು ಇನ್ನೊಂದು ತುದಿಗೆ ತಿಕ್ಕು. ಬಟ್ಟೆಯ ಕೊಳೆಯನ್ನು ಬಟ್ಟೆಯೇ ತೆಗೆಯುತ್ತದೆ. ಅವನು ಹೇಳಿದಂತೆ ಮಾಡುತ್ತ ಹೋದ. ಹಿಂದಿನಿಂದ ಜೊತೆಗಾರ ಮೊದಲ ಸಲ ನನ್ನೊಡನೆ ಮಾತಾಡಿದ. ನಮ್ಮ ತಾಯಿಯೂ ಹೀಗೇ ಮಾಡುತ್ತಾರೆ ಎಂದ.

ಆ ದಿನದಿಂದ ನಾನು ಇಬ್ಬರಿಗೂ ಲೋಲಾ ಆದೆ. ತಗಾಲೋಗ್‌ನಲ್ಲಿ ಹಾಗೆಂದರೆ ಅಜ್ಜಿ. ಹಿರಿಯರು ಎದುರಾದರೆ ಅಲ್ಲಿ ಕಿರಿಯರು ಅವರ ಕೈಯನ್ನು ಹಿಡಿದು ತಮ್ಮ ಹಣೆಗೆ ಒತ್ತಿಕೊಳ್ಳುತ್ತಾರೆ. ದಾರಿಯಲ್ಲಿ ಕಂಡವರು ಊಟವಾಯಿತೇ ಎಂದೇ ಮಾತು ಶುರುಮಾಡುತ್ತಾರೆ. ಗೌರವಕ್ಕೆ ಮಾತಿನ ನಡುವೆ, ಕೊನೆಗೆ, ಪೊ ಎಂದು ಸೇರಿಸುತ್ತಾರೆ. ನಮ್ಮ ಕಡೆ ರೀ ಎನ್ನುವ ಹಾಗೆ. ಇದನ್ನು ಹೇಳಿದಾಗ ಹುಡುಗ ರೀ, ರೀ ಎಂದು ನಾಲ್ಕು ಸಲ ಅಂದು ನೋಡಿದ. ಇಂಗ್ಲಿಷಿನಲ್ಲಿ ಅಂಥ ಪುಟ್ಟ ಶಬ್ದ ಇಲ್ಲವಲ್ಲ ಎಂದು ಬೇಸರಪಟ್ಟ.

ಅವನ ಕೆಲಸ ಬರೀ ಉಪದೇಶವಾಗಿರಲಿಲ್ಲ. ಊರಿನವರ ಗದ್ದೆಯಲ್ಲಿ ನಾಟಿಗೆ ಇಳಿಯುತ್ತಿದ್ದರು, ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಮಳೆಗಾಳಿಗೆ ತಗಡು ಹಾರಿದ ಮನೆಗೆ ಹೋಗಿ ಹೊಸ ತಗಡು ಹೊದಿಸುತ್ತಿದ್ದರು. ಚಂಡಮಾರುತ ಆ ನಾಡಿಗೆ ವರ್ಷವೂ ತಪ್ಪಿದ್ದಲ್ಲ. 2013ರ ನವೆಂಬರ್ 8ರಂದು ಬಡಿದ ಹೈಯಾನ್ ಚಂಡಮಾರುತಕ್ಕೆ ತಕ್ಲೊಬಾನ್ ಸೀಮೆಯಲ್ಲಿ ಸಾವಿರಾರು ಜನ ಸತ್ತರು. ಅಲ್ಲಿದ್ದ ಇವರ ಮಿಷನರಿಗಳೆಲ್ಲ ಬದುಕಿ ಉಳಿದರು. ಆದರೆ ಕೆಲವರ ಸುದ್ದಿ ಸಿಗದೆ ಮನೆಯವರು ದಿನಗಟ್ಟಲೆ ಕಾಯಬೇಕಾಯಿತು. ಮಗನನ್ನು ಆ ದೇಶಕ್ಕೆ ಕಳಿಸುತ್ತಾರೆ ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ ಎಂದು ಆ ತಾಯಿ ಹೇಳಿದರು.

ಮತ ಬದಲಿಸುವ ವಿಚಾರದಲ್ಲಿ ನನಗೂ ಅವರಿಗೂ ಒಮ್ಮತವಿರಲಿಲ್ಲ. ನನ್ನ ದೇವರ ಕೋಣೆ ನನಗೆ ಸಾಕು, ಬಾಗಿಲಿಗೆ ಬಂದು ಯಾರೂ ಬೇರೆ ದಾರಿ ತೋರಿಸಬೇಕಾಗಿಲ್ಲ ಎಂದು ಅವರಿಗೇ ಹೇಳಿದೆ. ಹದಿನೆಂಟರ ಹುಡುಗನ ಮೇಲೆ ಇಷ್ಟು ಭಾರ ಹೊರಿಸಬಾರದು ಎಂದೂ ಹೇಳಿದೆ. ಕಾಯಿಲೆಯಾಗಿಯೋ ಮನಸ್ಸು ಕುಗ್ಗಿಯೋ ಅರ್ಧಕ್ಕೆ ಮರಳಿದವರು ಅಲ್ಲಿ ತಲೆ ತಗ್ಗಿಸಿ ನಡೆಯುವುದನ್ನು ನಾನು ಕೇಳಿ ಬಲ್ಲೆ. ಅದು ತಪ್ಪು. ಅವರು ನನ್ನ ಮಾತನ್ನು ಅಲ್ಲಗಳೆಯಲಿಲ್ಲ. ದೊಡ್ಡ ಮಗ ಜರ್ಮನಿಯಲ್ಲಿ ಎರಡು ವರ್ಷ ಬಾಗಿಲು ತಟ್ಟಿದರೂ ಸಭೆಗೆ ಸೇರಿದವರು ಇಬ್ಬರೋ ಮೂವರೋ. ಆದರೆ ಈಗಲೂ ಹ್ಯಾಂಬರ್ಗಿನ ಒಬ್ಬ ಮುದುಕರಿಗೆ ಹುಟ್ಟುಹಬ್ಬದ ದಿನ ತಪ್ಪದೆ ಫೋನ್ ಮಾಡುತ್ತಾನೆ, ಅವರು ಸಭೆಗೆ ಸೇರಿದವರಲ್ಲ ಎಂದರು. ಅಷ್ಟಕ್ಕೇ ಆ ಮಾತು ನಿಂತಿತು. ನಮ್ಮ ಸ್ನೇಹಕ್ಕೆ ಅದರಿಂದ ಏನೂ ಆಗಲಿಲ್ಲ.

ಆಗಸ್ಟ್‌ನಲ್ಲಿ ಜೊತೆಗಾರನಿಗೆ ಡೆಂಗಿ ಜ್ವರ ಬಂತು. ಒಬ್ಬ ಮಲಗಿದರೆ ಇನ್ನೊಬ್ಬನೂ ಹೊರಗೆ ಹೋಗುವಂತಿಲ್ಲ, ಜೊತೆ ಬಿಡಬಾರದಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನ ಮಂಚದ ಪಕ್ಕದ ಬೆಂಚಿನ ಮೇಲೆ ಇವನೂ ಮಲಗಿದ. ಮನೆಗೆ ಬಂದ ಮೇಲೆ ಗಂಜಿ ಮಾಡುವುದನ್ನು ಪಕ್ಕದ ಮನೆಯ ಹೆಂಗಸಿನಿಂದ ಕೇಳಿ ಕಲಿತ. ಶುಂಠಿ ಹಾಕಿದ ಅನ್ನದ ಗಂಜಿ. ನೀರನ್ನು ಇವನೊಬ್ಬನೇ ಹೊತ್ತ.

ಅದರ ಮುಂದಿನ ಭಾನುವಾರ ಫೋನ್ ತೆಗೆದಾಗ ಜೊತೆಗಾರ ಹಿಂದೆ ಚಾಪೆಯ ಮೇಲೆ ದಿಂಬಿಗೆ ಒರಗಿ ಕುಳಿತಿದ್ದ, ಸೊರಗಿದ್ದ. ನಮ್ಮ ಹುಡುಗ, ಲೋಲಾ, ಇದನ್ನು ನೋಡಿ ಎಂದು ಒದ್ದೆ ಅಂಗಿಯೊಂದನ್ನು ಎತ್ತಿ ಹಿಡಿದ. ಕಾಲರನ್ನು ಬಿಡಿಸಿ ಫೋನಿನ ಹತ್ತಿರ ತಂದ. ಕಂದು ಗೆರೆ ಎಲ್ಲೂ ಇರಲಿಲ್ಲ. ಕಾಲರಿನ ಒಳಗೆ, ಬಟ್ಟೆ ಅದಲುಬದಲಾಗದಿರಲಿ ಎಂದು ಕಪ್ಪು ಶಾಯಿಯಲ್ಲಿ ಬರೆದ ಹೆಸರನ್ನು ಅವನ ತಾಯಿ ಕನ್ನಡಕ ಹಾಕಿಕೊಂಡು ಓದಿದರು. ಅದು ಅವರ ಮನೆತನದ ಹೆಸರಾಗಿರಲಿಲ್ಲ.

ನಮಸ್ಕಾರ.